ಬಾಗಿಲ ಹಿಂದೆ ಮಾತಾಡುತ್ತಿದ್ದ ಬಾಲಣ್ಣ

ಮುಚ್ಚಿದ ಬಾಗಿಲ ಹಿಂದೆ ಬಾಲಣ್ಣನಷ್ಟು ಚೆನ್ನಾಗಿ ಮಾತಾಡುವವನನ್ನು ನಾನು ಇದುವರೆಗೆ ಕಂಡಿಲ್ಲ. ಬಾಗಿಲು ತೆಗೆದರೆ ಮುಗಿಯಿತು. ಅವನ ಬಾಯಿಂದ ಅವನ ಹೆಸರೂ ಹೊರಗೆ ಬರುತ್ತಿರಲಿಲ್ಲ.

ಮೊದಲ ಸಲ ಅವನ ದನಿ ಕೇಳಿದ್ದು ಮಯೂರ್ ವಿಹಾರದ ಒಂದು ಅಪಾರ್ಟ್‌ಮೆಂಟ್ ಸೊಸೈಟಿಯ ನಾಲ್ಕನೇ ಮಹಡಿಯಲ್ಲಿ. ನಾನು ನೆಟ್ ಕೇಬಲ್ ಕೆಲಸದವನು. ಮನೆಗಳಿಗೆ ವೈರ್ ಎಳೆಯುವುದು, ರೂಟರ್ ಕೂರಿಸುವುದು, ಕೆಂಪು ಲೈಟ್ ಬಂದರೆ ಹಸಿರು ಮಾಡಿ ಬರುವುದು. ಆ ದಿನ ನೆಟ್ ಪದೇ ಪದೇ ಕಟ್ ಆಗುತ್ತಿದೆ ಎಂದು ಕಂಪ್ಲೇಂಟ್ ಇತ್ತು. ಲಿಫ್ಟ್ ಕೆಟ್ಟಿತ್ತು. ಏಣಿ ಹೊತ್ತುಕೊಂಡು ಮೆಟ್ಟಿಲು ಹತ್ತಿ ಬಾಗಿಲ ಮುಂದೆ ನಿಂತಾಗ ಒಳಗಿಂದ ಕನ್ನಡ ಕೇಳಿಸಿತು. ದೆಹಲಿಯಲ್ಲಿ ಬಾಗಿಲ ಹಿಂದೆ ಕನ್ನಡ ಕೇಳಿಸಿದರೆ ಬೆಲ್ ಒತ್ತುವ ಕೈ ತಾನಾಗಿ ನಿಲ್ಲುತ್ತದೆ.

"ಈಗ ಒಂದು ನೀಲಿ ಬಾಕ್ಸ್ ಕಾಣ್ತಿದೆ. ಅದರೊಳಗೆ ಮುಂದುವರಿಸಿ ಅಂತ ಬರೆದಿದಾರೆ. ಎಲ್ಲಿಗೆ ಮುಂದುವರಿಸ್ಬೇಕು ಅಂತ ಹೇಳಿಲ್ಲ. ಒತ್ತಿದ್ರೆ ದುಡ್ಡು ಕಟ್ ಆಗುತ್ತೇನೋ ಅಂತ ಸ್ವಲ್ಪ ಭಯ ಆಗ್ತಿದೆ. ಆದ್ರೂ ಒತ್ತುತೀನಿ. ಒತ್ತಿದೆ. ಏನೂ ಆಗ್ಲಿಲ್ಲ. ಈಗ ಭಯ ಹೋಗಿ ಸಿಟ್ಟು ಬರ್ತಿದೆ."

ರೇಡಿಯೋದವರ ಹಾಗೆ ಎಲ್ಲೂ ತಡವರಿಸದೆ ಹೇಳುತ್ತಿದ್ದ. ವಯಸ್ಸಾದ ತಾಯಿಗೆ ಫೋನಿನಲ್ಲಿ ಕಂಪ್ಯೂಟರ್ ಹೇಳಿಕೊಡುತ್ತಿದ್ದಾನೆ ಅಂದುಕೊಂಡೆ. ಆದರೆ ಆ ಕಡೆಯಿಂದ ಯಾರೂ ಹೂಂ ಅನ್ನಲಿಲ್ಲ. ಬೆಲ್ ಒತ್ತಿದೆ. ಮಾತು ನಿಂತಿತು.

ಬಾಗಿಲು ತೆಗೆದವನಿಗೆ ಮೂವತ್ತೈದರ ಹತ್ತಿರ ವಯಸ್ಸು. ಮೇಲೆ ಇಸ್ತ್ರಿ ಮಾಡಿದ ಆಫೀಸ್ ಶರ್ಟು, ಕೆಳಗೆ ಲುಂಗಿ, ದಪ್ಪ ಗಾಜಿನ ಕನ್ನಡಕ. ನಾನು ಕನ್ನಡದಲ್ಲೇ ಕೇಳಿದೆ.

"ನೆಟ್ ಕಂಪ್ಲೇಂಟ್ ನಿಮ್ದೇನಾ ಸಾರ್? ಹೆಸರೇನು?"

ಅವನು ಬಾಯಿ ತೆರೆಯಲು ಹೋದ. ತುಟಿ ಎರಡೂ ಕೂಡಿಕೊಂಡು ಹಾಗೇ ನಿಂತುಬಿಟ್ಟವು. ಕತ್ತಿನ ನರ ಎದ್ದಿತು. ನಾನು ನೋಡುತ್ತ ನಿಂತೆ. ಕೊನೆಗೆ ಅವನು ಸೋತವನಂತೆ ಜೇಬಿನಿಂದ ಫೋನ್ ತೆಗೆದು ಏನೋ ಬರೆದು ನನ್ನ ಮುಖಕ್ಕೆ ಹಿಡಿದ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಅಕ್ಷರ ಕೂಡಿಸಿ ಓದಲು ಸಮಯ ಬೇಕು. 'ಬಾಲಕೃಷ್ಣ. ಶಿರಾ. ನಿಮ್ಮದು ಯಾವೂರು?'

"ಹಿರಿಯೂರು. ತಿಪ್ಪೇಸ್ವಾಮಿ. ಅಲ್ಲ ಸಾರ್, ಈಗ ತಾನೆ ಗಿಣಿ ಥರ ಮಾತಾಡ್ತಿದ್ರಿ. ನನ್ನ ನೋಡಿ ಏನಾಯ್ತು?"

ಹಾಗೆ ಕೇಳಬಾರದು ಎಂದು ಆಮೇಲೆ ಬೇರೆಯವರು ಹೇಳಿದರು. ನನಗೆ ಕೇಳದೆ ಇರಲು ಬರುವುದಿಲ್ಲ. ಬಾಲಣ್ಣ ಮಾತ್ರ ನಕ್ಕ. ನಕ್ಕಾಗ ಗಂಟಲು ಸಡಿಲವಾಗಿ ಎರಡು ಪದ ಬಂದವು. "ಅ... ಅದು ಕೆಲ್ಸ."

ಮನೆಯಲ್ಲಿ ಒಬ್ಬನೇ ಕೂತು ಮಾತಾಡುವುದು ಎಂಥ ಕೆಲಸ? ರೂಟರ್ ಸರಿಮಾಡಲು ಹತ್ತು ನಿಮಿಷ ಸಾಕಿತ್ತು. ನಾನು ಒಂದು ಗಂಟೆ ಅಲ್ಲೇ ಇದ್ದೆ. ಅವನು ಸ್ವಲ್ಪ ಬರೆದು ತೋರಿಸಿ, ಸ್ವಲ್ಪ ಬಾಯಲ್ಲಿ ಹೇಳಿ, ಉಳಿದದ್ದನ್ನು ಲ್ಯಾಪ್‌ಟಾಪಿನಲ್ಲಿ ಮಾಡಿ ತೋರಿಸಿದ.

ಅವನ ಅಸಲಿ ನೌಕರಿ ನೋಯ್ಡಾದ ಒಂದು ಕಂಪನಿಯ ಅಕೌಂಟ್ಸಿನಲ್ಲಿ. ಇದು ಬಿಡುವಿನ ಕೆಲಸ. ಹೊಸ ಆಪ್ ಮಾಡುವವರು ಅದನ್ನು ಊರಿಗೆಲ್ಲ ಬಿಡುವ ಮುಂಚೆ ಯಾರಾದರೂ ಬಳಸಿ ನೋಡಬೇಕು. ಅಂಥವರನ್ನು ಕೂಡಿಸುವ ಒಂದು ಸೈಟ್ ಇದೆ. ಅದರಲ್ಲಿ ಕನ್ನಡದವರಿಗೂ ಕೆಲಸ ಬರುತ್ತದೆ. ಆಪ್ ತೆಗೆದು, ಬೆರಳು ಎಲ್ಲಿ ಹೋಗುತ್ತದೋ ಅಲ್ಲೆಲ್ಲ ಹೋಗುತ್ತ, ತಲೆಯಲ್ಲಿ ಏನು ಬರುತ್ತದೋ ಅದನ್ನು ಬಾಯಲ್ಲಿ ಹೇಳುತ್ತ ಹೋಗಬೇಕು. ಅದೆಲ್ಲ ರೆಕಾರ್ಡ್ ಆಗುತ್ತದೆ. ಕಾಲು ಗಂಟೆ, ಇಪ್ಪತ್ತು ನಿಮಿಷ. ಒಂದು ಸಲಕ್ಕೆ ಸಿಗುವುದು ಎರಡು ದಿನದ ತರಕಾರಿಗೆ ಸಾಕು. ಎಲ್ಲೋ ಯಾರೋ ಅದನ್ನು ಕೇಳಿ ಸ್ಟಾರ್ ಕೊಡುತ್ತಾರೆ. ಮಧ್ಯೆ ಸುಮ್ಮನಾದರೆ ರಿಜೆಕ್ಟ್.

ಮೇಜಿನ ಮೇಲಿನ ಗೋಡೆಗೆ ಅವನು ಒಂದು ಕಾಗದ ಅಂಟಿಸಿದ್ದ. ದುಂಡಗಿನ ಅಕ್ಷರದಲ್ಲಿ ಮೂರು ಸಾಲು. 'ಸುಮ್ಮನಿರಬೇಡ. ಸುಳ್ಳು ಹೇಳಬೇಡ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು.'

"ಉಗ್ಗೋರಿಗೆ ಸುಮ್ಮನಿರಬೇಡ ಅಂತ ಕೆಲಸ ಕೊಟ್ಟಿದಾರಾ?" ಎಂದೆ.

ಅವನು ಮತ್ತೆ ನಕ್ಕ.

ಅವನ ಉಗ್ಗು ಸಿನಿಮಾದಲ್ಲಿ ನಗಿಸಲು ಮಾಡುತ್ತಾರಲ್ಲ, ಅಂಥದ್ದಲ್ಲ. ಮಾತು ತುಂಡು ತುಂಡಾಗಿ ಬರುವುದು ಕಡಿಮೆ. ಹೆಚ್ಚಾಗಿ ಬರುತ್ತಲೇ ಇರಲಿಲ್ಲ. ಅದರಲ್ಲೂ ಬ ಅಕ್ಷರ ಅವನಿಗೆ ಆಗದು, ಹೆತ್ತವರು ಇಟ್ಟ ಹೆಸರು ಅದರಿಂದಲೇ ಶುರು. ಒಬ್ಬನೇ ಇದ್ದಾಗ ಮಾತ್ರ ಏನೂ ಇಲ್ಲ. ಬಚ್ಚಲಲ್ಲಿ, ಅಡಿಗೆಮನೆಯಲ್ಲಿ, ಮೈಕಿನ ಮುಂದೆ ನೀರಿನ ಹಾಗೆ ಹರಿಯುತ್ತಿತ್ತು. ಇದು ಹೇಗೆ ಎಂದು ನನಗೆ ತಲೆ ಕೆಟ್ಟುಹೋಯಿತು.

"ಮೈಕಲ್ಲಿ ಹೇಳಿದ್ದನ್ನೂ ಜನ ಕೇಳ್ತಾರಲ್ಲ. ಆಗ ಯಾಕೆ ನಿಲ್ಲಲ್ಲ?" ಎಂದು ಕೇಳಿದ್ದೆ, ಮೂರನೆಯ ಸಲವೋ ನಾಲ್ಕನೆಯ ಸಲವೋ ಹೋದಾಗ. ಅಷ್ಟು ಹೊತ್ತಿಗೆ ಸಾರ್ ಹೋಗಿ ಅಣ್ಣ ಬಂದಿತ್ತು. ನನ್ನ ರೂಮು ಅಲ್ಲೇ ಪಕ್ಕದ ತ್ರಿಲೋಕಪುರಿಯಲ್ಲಿ. ಭಾನುವಾರ ಅವನ ಮನೆಗೆ ಹೋಗಿ ಉಪ್ಪಿಟ್ಟು ತಿನ್ನುವುದು ಅಭ್ಯಾಸವಾಗಿತ್ತು.

ಬಾಲಣ್ಣ ಬಾಣಲೆ ಕಡೆ ತಿರುಗಿ, ಈರುಳ್ಳಿ ಹುರಿಯುತ್ತ, ನನಗೆ ಬೆನ್ನು ಹಾಕಿ ಹೇಳಿದ. "ಕೇಳೋರು ಇರ್ಲಿ ತಿಪ್ಪೇಶಿ. ಅದರಿಂದ ತೊಂದರೆ ಇಲ್ಲ. ಕಾಯೋರು ಇರಬಾರದು. ಎದುರಿಗೆ ನಿಂತು ಕಾಯ್ತಾರಲ್ಲ, ಆಗ ನಾಲಿಗೆ ಕಟ್ಟುತ್ತೆ."

ಇಷ್ಟು ಮಾತನ್ನು ಒಂದೇ ಉಸಿರಿಗೆ ಅವನು ನನಗೆ ಹೇಳಿದ್ದು ಅದೇ ಮೊದಲು.

ಆ ಕೆಲಸ ಅವನಿಗೆ ಒಂದು ಚಟ ಹತ್ತಿಸಿತ್ತು. ಕಂಡದ್ದನ್ನೆಲ್ಲ ಆಪ್ ನೋಡುವ ಹಾಗೆ ನೋಡುವುದು. ರಸ್ತೆಯಲ್ಲಿ ನನಗಿಂತ ನಾಲ್ಕು ಹೆಜ್ಜೆ ಮುಂದೆ ಹೋಗುತ್ತಿದ್ದ, ನಾನು ಹಿಂದೆ. ಆಗ ಅವನಷ್ಟಕ್ಕೆ ಅವನು ಹೇಳುತ್ತ ಹೋಗುವುದು ಕೇಳಿಸುತ್ತಿತ್ತು. "ಈಗ ಹಾಲಿನ ಬೂತ್ ನೋಡ್ತಿದೀನಿ. ದುಡ್ಡು ಕೊಡೋ ಕಿಂಡಿ ಎಡಕ್ಕೆ, ಹಾಲು ಬರೋ ಕಿಂಡಿ ಬಲಕ್ಕೆ. ಮಧ್ಯೆ ನಾಯಿ ಮಲಗಿದೆ. ನಾಯಿ ಎಬ್ಬಿಸ್ಬೇಕೋ ದಾಟ್ಬೇಕೋ ಗೊತ್ತಾಗ್ತಿಲ್ಲ. ಮುಂದಿನವರು ದಾಟಿದ್ರು. ನಾನೂ ದಾಟ್ತೀನಿ." ಮೆಟ್ರೋ ಗೇಟು, ಸೊಸೈಟಿಯ ಲಿಫ್ಟು, ಬ್ಯಾಂಕಿನ ಟೋಕನ್ ಮಷಿನ್, ಯಾವುದನ್ನೂ ಬಿಡುತ್ತಿರಲಿಲ್ಲ. ಎಂಟು ವರ್ಷದಿಂದ ನಾನು ಇದೇ ಊರಲ್ಲಿದ್ದೇನೆ. ಹಾಲಿನ ಬೂತಿಗೆ ಎರಡು ಕಿಂಡಿ ಇದೆ ಎಂದು ಅವನು ಹೇಳಿದ ಮೇಲೇ ಗಮನಿಸಿದ್ದು.

ನನ್ನ ವಿಷಯ ಬೇರೆ. ನನಗೆ ತಾಳ್ಮೆ ಇಲ್ಲ. ಫೋನ್ ಬಂದರೆ ಎರಡು ಸಲ ಹಲೋ ಅನ್ನುತ್ತೇನೆ, ಮೂರನೆಯದು ಇಲ್ಲ, ಕಟ್ ಮಾಡುತ್ತೇನೆ. ಎದುರಿನವರ ಮಾತು ನಿಧಾನವಾದರೆ ನಾನೇ ಮುಗಿಸಿಬಿಡುತ್ತೇನೆ.

ಚಳಿಗಾಲ ಶುರುವಾದಾಗ ಸ್ವೆಟರ್ ಕೊಳ್ಳಲು ಇಬ್ಬರೂ ಸರೋಜಿನಿ ನಗರಕ್ಕೆ ಹೋದೆವು. ಭಾನುವಾರದ ಜನ. ಅಂಗಡಿಯವರು ಸ್ಟೂಲಿನ ಮೇಲೆ ನಿಂತು ಕೂಗುತ್ತಿದ್ದರು. ಬಾಲಣ್ಣ ಒಂದು ಬೂದು ಬಣ್ಣದ್ದನ್ನು ಹಿಡಿದು ಬೆಲೆ ಕೇಳಲು ಬಾಯಿ ತೆರೆದ. ಭಯ್ಯಾ ಅನ್ನಬೇಕು. ಅದೂ ಅದೇ ಜಾತಿಯ ಅಕ್ಷರ. ತುಟಿ ಕೂಡಿಕೊಂಡವು.

"ಬೋಲೋ ಭೀ ಭಾಯಿ," ಎಂದ ಅಂಗಡಿಯವನು. ಪಕ್ಕದವನಿಗೆ ಕಣ್ಣು ಹೊಡೆದ. "ಮುಹೂರ್ತ್ ದೇಖ್ ರಹೇ ಹೋ ಕ್ಯಾ?"

ಬಾಯಿ ಬಿಡಲು ಮುಹೂರ್ತ ನೋಡ್ತಿದೀಯಾ ಅಂತ. ಹಿಂದೆ ನಿಂತಿದ್ದ ಇಬ್ಬರು ನಕ್ಕರು. ನನಗೆ ರೇಗಿತು. ನಾನು ಮುಂದೆ ನುಗ್ಗಿ ಬೆಲೆ ಕೇಳಿ, ಚೌಕಾಸಿ ಮಾಡಿ, ಅಂಗಡಿಯವನಿಗೆ ನಾಲ್ಕು ಮಾತು ಅಂದು, ಸ್ವೆಟರ್ ಕೊಂಡು ಬಾಲಣ್ಣನ ಕೈಗೆ ಕೊಟ್ಟೆ. ದೊಡ್ಡ ಉಪಕಾರ ಮಾಡಿದೆ ಅನ್ನಿಸಿತು. ಮೆಟ್ರೋ ಹತ್ತಿದೆವು. ಸೀಟು ಸಿಕ್ಕ ಮೇಲೆ ಅವನು ಫೋನಿನಲ್ಲಿ ಬರೆದು ತೋರಿಸಿದ.

'ನನ್ನ ಮಾತು ನೀನು ಮುಗಿಸಬೇಡ.'

"ಅವನು ನಗ್ತಿದ್ದ ಬಾಲಣ್ಣ."

ಅವನು ಫೋನ್ ವಾಪಸ್ ತಗೊಂಡು ಇನ್ನೊಂದು ಸಾಲು ಬರೆದ. 'ನಗಲಿ. ಇನ್ನು ಸ್ವಲ್ಪ ಹೊತ್ತಿದ್ದರೆ ಬರುತ್ತಿತ್ತು.'

ಸರಿ ಅಂದೆ. ಅಂದದ್ದು ಬಾಯಿ ಮಾತ್ರ.

ಆ ಕಟ್ಟಡದ ಕೇಬಲ್ ಡಬ್ಬಿ ಅವನ ಬಾಲ್ಕನಿಯ ಹೊರಗೋಡೆಯಲ್ಲಿತ್ತು. ಯಾರ ಮನೆಯ ನೆಟ್ ಹೋದರೂ ನಾನು ಅವನ ಮನೆಗೇ ಹೋಗಬೇಕು. ಪ್ರತಿ ಸಲ ಅವನು ಆಫೀಸಿನಿಂದ ಬರಲು ಆಗದು ಎಂದು ಒಂದು ಕೀ ನನ್ನ ಹತ್ತಿರ ಕೊಟ್ಟಿದ್ದ. ಒಂದು ಶನಿವಾರ ಬೆಳಿಗ್ಗೆ ಡಬ್ಬಿಯ ಕೆಲಸ ಮಾಡುತ್ತಿದ್ದಾಗ ಅವನ ಮೆಸೇಜ್ ಬಂತು. ಆಫೀಸಿನವರು ದಿಢೀರನೆ ಕರೆದಿದ್ದಾರೆ, ಹನ್ನೊಂದಕ್ಕೆ ಒಂದು ಟೆಸ್ಟ್ ಒಪ್ಪಿಕೊಂಡಿದ್ದೆ, ಅದು ಹೋಯಿತು, ಮಧ್ಯಾಹ್ನ ಉಪ್ಪಿಟ್ಟಿಲ್ಲ. ಅಷ್ಟೇ ಬರೆದಿದ್ದ. ಮಾಡು ಎಂದು ಬರೆದಿರಲಿಲ್ಲ.

ಲ್ಯಾಪ್‌ಟಾಪ್ ಮೇಜಿನ ಮೇಲಿತ್ತು. ಪಾಸ್‌ವರ್ಡ್ ಹಾಕಿಕೊಟ್ಟವನೇ ನಾನು. ಹನ್ನೊಂದಕ್ಕೆ ಐದು ನಿಮಿಷ ಇತ್ತು. ಎಷ್ಟೋ ದಿನದಿಂದ ನೋಡಿದ್ದೇನೆ, ಕೂತು ಬಾಯಿಗೆ ಬಂದದ್ದು ಹೇಳುವುದು ತಾನೆ? ಕೂತೆ.

ಅದು ಮನೆ ರಿಪೇರಿಗೆ ಆಳುಗಳನ್ನು ಕರೆಸುವ ಆಪ್. ಅಂದರೆ ನನ್ನಂಥವರನ್ನು. ತೆಗೆದ ಕೂಡಲೇ ಒಂದು ಫೋಟೋ.

"ಏಣಿ ಮೇಲೆ ಒಬ್ಬ ನಿಂತ್ಕೊಂಡು ನಗ್ತಿದಾನೆ," ಎಂದು ಶುರುಮಾಡಿದೆ. "ಏಣಿ ಹತ್ತಿದೋನು ಯಾವನೂ ನಗಲ್ಲ. ಶರ್ಟಲ್ಲಿ ಒಂದು ಕಲೆ ಇಲ್ಲ. ಇವನು ಕೆಲಸದೋನಲ್ಲ. ಮುಂದೆ. ಏನು ಕೆಟ್ಟಿದೆ ಆರಿಸಿ ಅಂತಾನೆ. ಏನು ಕೆಟ್ಟಿದೆ ಅಂತ ಮನೆಯವರಿಗೆ ಗೊತ್ತಿದ್ರೆ ನಮ್ಮನ್ನ ಯಾಕೆ ಕರೀತಾರೆ? ಗೊತ್ತಿಲ್ಲ ಅಂತ ಒಂದು ಬಟನ್ ಇಡಿ. ಮುಂದೆ. ಅರ್ಧ ಗಂಟೆಯಲ್ಲಿ ಬರ್ತಾರೆ ಅಂತ ಬರೆದಿದಾನೆ. ಬರಲ್ಲ. ನಾನೇ ಬರಲ್ಲ. ಬಾಗಿಲು ತೆಗೆಯೋರು ಮನೇಲಿರ್ತಾರಾ ಅಂತ ಮೊದಲು ಕೇಳಿ. ಅದನ್ನ ಎಲ್ಲೂ ಕೇಳಿಲ್ಲ."

ಹದಿನೆಂಟು ನಿಮಿಷ ಒಂದು ಕ್ಷಣವೂ ನಿಲ್ಲಿಸಲಿಲ್ಲ. ಮುಗಿಸಿ ಎದ್ದಾಗ ಬಾಯಾರಿತ್ತು.

ಮರುದಿನ ಐದಕ್ಕೆ ಐದು ಸ್ಟಾರ್ ಬಂತು. ಜೊತೆಗೆ ಒಂದು ಥ್ಯಾಂಕ್ಸ್ ಚೀಟಿ. ಇಷ್ಟು ಉಪಯೋಗವಾದ ಟೆಸ್ಟ್ ಬಂದಿರಲಿಲ್ಲ, ಗೊತ್ತಿಲ್ಲ ಬಟನ್ ಇಡುತ್ತೇವೆ ಎಂದು ಬರೆದಿದ್ದರು. ಬಾಲಣ್ಣ ನನ್ನ ರೆಕಾರ್ಡಿಂಗ್ ಹಾಕಿ ಕೇಳಿದ. ನಾನೇ ಬರಲ್ಲ ಅನ್ನುವ ಜಾಗ ಬಂದಾಗ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕ. ಆಮೇಲೆ ನಗು ನಿಲ್ಲಿಸಿ ಸ್ಕ್ರೀನ್ ಕಡೆ ಸುಮಾರು ಹೊತ್ತು ನೋಡಿದ. ಏನೋ ಹೇಳಲು ಹೊರಟ. ಬರಲಿಲ್ಲ. ಬಿಟ್ಟ.

ಮೂರನೆಯ ದಿನ ಅವನ ಖಾತೆಗೆ ಬೀಗ ಬಿತ್ತು. ಈ ಖಾತೆಯಲ್ಲಿ ಎರಡು ದನಿ ಇವೆ ಎಂದು ಅವರ ಮಷಿನ್ ಕಂಡುಹಿಡಿದಿತ್ತು. ಒಬ್ಬರ ಖಾತೆಯಲ್ಲಿ ಇನ್ನೊಬ್ಬರು ಕೆಲಸ ಮಾಡುವಂತಿಲ್ಲ. ಬಾಲಣ್ಣ ಸುಳ್ಳು ಬರೆಯಲಿಲ್ಲ. ನಾನು ಮನೆಯಲ್ಲಿರಲಿಲ್ಲ, ನನ್ನ ಗೆಳೆಯ ತಿಳಿಯದೆ ಒಂದು ಸಲ ಮಾಡಿದ್ದಾನೆ, ಅದರ ದುಡ್ಡು ಬೇಡ ಎಂದು ಇದ್ದದ್ದನ್ನು ಬರೆದ. ಉತ್ತರ ಬಂತು. ಭಾನುವಾರ ಹತ್ತು ಗಂಟೆಗೆ ವಿಡಿಯೋ ಕಾಲ್ ಇದೆ. ನಮ್ಮವರೊಬ್ಬರು ಮಾತಾಡುತ್ತಾರೆ. ಅವರ ಎದುರು ನಿಮ್ಮ ಪೂರ್ತಿ ಹೆಸರು ನಿಮ್ಮ ಬಾಯಿಂದ ಹೇಳಬೇಕು. ದನಿ ತಾಳೆಯಾದರೆ ಖಾತೆ ತೆರೆಯುತ್ತದೆ. ಹೇಳದಿದ್ದರೆ ಶಾಶ್ವತವಾಗಿ ಬಂದ್.

ಹೆಸರು. ಜಗತ್ತಿನಲ್ಲಿ ಅವನಿಗೆ ಎಲ್ಲಕ್ಕಿಂತ ಕಷ್ಟದ ಪದ.

"ಬಿಡು ಬಾಲಣ್ಣ, ತರಕಾರಿ ದುಡ್ಡು ತಾನೆ? ಬೇರೆ ಸೈಟ್ ನೋಡಿದ್ರಾಯ್ತು," ಎಂದೆ.

ಅವನು ತುಂಬ ಹೊತ್ತು ಬರೆದ. ಅಷ್ಟುದ್ದ ಅವನು ಬರೆದದ್ದನ್ನು ನಾನು ನೋಡಿರಲಿಲ್ಲ. ನಾನು ಕಿಟಕಿ ಹತ್ತಿರ ಹೋಗಿ ಕೂಡಿಸಿ ಕೂಡಿಸಿ ಓದಿದೆ. 'ಆಫೀಸಲ್ಲಿ ಗುಡ್ ಮಾರ್ನಿಂಗನ್ನೂ ತಲೆ ಆಡಿಸಿ ಮುಗಿಸುತ್ತೇನೆ. ಊರಿಗೆ ಫೋನ್ ಮಾಡಲ್ಲ, ಮೆಸೇಜ್ ಹಾಕುತ್ತೇನೆ. ಕನ್ನಡದಲ್ಲಿ ಕೆಲಸ ಕೊಡೋ ಸೈಟ್ ನನಗೆ ಸಿಕ್ಕಿದ್ದು ಇದೊಂದೇ. ವಾರಕ್ಕೆ ಎರಡು ಸಲ ಕಾಲು ಕಾಲು ಗಂಟೆ ನಾನು ಪೂರ್ತಿ ವಾಕ್ಯ ಆಡ್ತೀನಿ. ಯಾರೋ ಅದನ್ನ ಕೇಳ್ತಾರೆ. ಅದು ತರಕಾರಿ ಅಲ್ಲ.'

ಆ ವಾರ ನಾನು ದಿನಾ ಹೋದೆ. ಪ್ರತಿ ಸಲ ಮೆಟ್ಟಿಲಲ್ಲೇ ನಿಂತು ಕೇಳುತ್ತಿದ್ದೆ. ಒಳಗೆ ಅವನು ಅಭ್ಯಾಸ ಮಾಡುತ್ತಿದ್ದ. "ನನ್ನ ಹೆಸರು ಬಾಲಕೃಷ್ಣ. ಶಿರಾ ಬಾಲಕೃಷ್ಣ." ಇಪ್ಪತ್ತು ಸಲ, ಮೂವತ್ತು ಸಲ, ಗಂಟೆ ಹೊಡೆದಂತೆ. ನಾನು ಬೆಲ್ ಒತ್ತಿ ಒಳಗೆ ಹೋಗಿ ಎದುರಿಗೆ ಕೂತರೆ ತುಟಿ ಬಿಗಿ.

"ರೆಕಾರ್ಡ್ ಮಾಡಿ ಇಟ್ಕೊ. ಅವ್ರು ಕೇಳ್ದಾಗ ಫೋನ್ ಒತ್ತು," ಎಂದು ಉಪಾಯ ಹೇಳಿದೆ. ಅವನು ಗೋಡೆಯ ಕಾಗದದ 'ಸುಳ್ಳು ಹೇಳಬೇಡ' ಸಾಲಿಗೆ ಬೆರಳು ತೋರಿಸಿದ.

"ಮೊದಲೇ ಬರೆದು ತಿಳಿಸು, ನಿನಗೆ ಹಿಂಗಿದೆ ಅಂತ."

ಅದನ್ನು ಅವನು ಆಗಲೇ ಬರೆದಿದ್ದ. ಅದಕ್ಕೆ ಬಂದದ್ದು ಹಳೆಯ ಉತ್ತರವೇ, ಒಂದಕ್ಷರ ಬದಲಿಲ್ಲದೆ.

ಭಾನುವಾರ ಬಂತು. ನಾನು ಎದುರಿಗಿರುವುದು ಬೇಡ ಎಂದು ಅವನು ಹೇಳುವ ಮೊದಲೇ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಬಾಗಿಲು ಹಾಕಿಕೊಂಡ. ಹತ್ತು ಗಂಟೆಗೆ ಸರಿಯಾಗಿ ಲ್ಯಾಪ್‌ಟಾಪಿನಿಂದ ಒಂದು ಹೆಂಗಸಿನ ದನಿ. ಕನ್ನಡದವರೇ.

"ನಮಸ್ಕಾರ ಸಾರ್. ಎರಡೇ ನಿಮಿಷದ ಕೆಲಸ. ನಿಮ್ಮ ಪೂರ್ತಿ ಹೆಸರು ಹೇಳಿ."

ಕೆಳಗೆ ಗೇಟಿನ ಹತ್ತಿರ ತರಕಾರಿ ಗಾಡಿಯವನು ಮಟರ್ ಮಟರ್ ಎಂದು ಬಟಾಣಿ ಕೂಗುತ್ತ ಹೋದ.

"ಸಾರ್, ಕೇಳಿಸ್ತಿದೆಯಾ? ಮೈಕ್ ಆನ್ ಇದೆಯಾ ನೋಡಿ."

ನಾನು ಎದ್ದೆ. ಬಾಗಿಲ ಹಿಡಿಗೆ ಕೈ ಹಾಕಿದೆ. ಒಂದೇ ಪದ. ಬಾಗಿಲಿನಿಂದಲೇ ಕೂಗಿದರೂ ಸಾಕು, ಅವರಿಗೆ ಹೆಸರು ಗೊತ್ತಾಗುತ್ತದೆ. ಸರೋಜಿನಿ ನಗರದಿಂದ ವಾಪಸ್ ಬರುವಾಗ ತೋರಿಸಿದ ಸಾಲು ನೆನಪಾಯಿತು. ಕೈ ತೆಗೆದು ಮತ್ತೆ ಕೂತೆ. ಕೂರುವುದು ಅಷ್ಟು ಕಷ್ಟದ ಕೆಲಸ ಎಂದು ನನಗೆ ಗೊತ್ತಿರಲಿಲ್ಲ.

ಆಗ ಒಳಗಿಂದ ಅವನ ದನಿ ಬಂತು. ಟೆಸ್ಟ್ ಮಾಡುವಾಗಿನ ದನಿ.

"ಈಗ ನಾನು ಸ್ಕ್ರೀನ್ ನೋಡ್ತಿದೀನಿ. ಒಬ್ಬರು ಮೇಡಂ ಇದಾರೆ. ಹೆಡ್‌ಫೋನ್ ಹಾಕಿದಾರೆ. ಹಿಂದೆ ಹಸಿರು ಕರ್ಟನ್ ಇದೆ, ಒಂದು ಕೊಂಡಿ ಬಿಟ್ಟಿದೆ. ಅವರು ಹೆಸರು ಕೇಳಿದಾರೆ. ನನ್ನ ಹೆಸರು ನನಗೆ ಗೊತ್ತು. ಹೇಳೋಕೆ ಹೋದ್ರೆ ತುಟಿ ಅಂಟ್ಕೊಳುತ್ತೆ. ಇದು ಚಿಕ್ಕಂದಿನಿಂದ ಇದೆ. ಅವರು ಕಾಯ್ತಿದಾರೆ. ಕಾಯೋದು ಕಂಡ್ರೆ ಇನ್ನೂ ಅಂಟುತ್ತೆ."

"ಸಾರ್, ಅದೆಲ್ಲ ಬೇಡ. ಹೆಸರೊಂದು ಹೇಳಿ, ಸಾಕು."

"ಅದೊಂದೇ ಬರ್ತಿಲ್ಲ ಮೇಡಂ. ಮಿಕ್ಕಿದ್ದೆಲ್ಲ ಬರ್ತಿದೆ. ನೀವು ಒಂದು ಸ್ವಲ್ಪ ಆ ಕಡೆ ತಿರುಗಿ ನಿಮ್ಮ ಕರ್ಟನ್ ಸರಿ ಮಾಡ್ಕೊಂಡ್ರೆ ಬಂದ್ರೂ ಬರಬಹುದು."

ಆ ಹೆಂಗಸು ನಕ್ಕಿದ್ದು ಕೇಳಿಸಿತು. ಕೆಟ್ಟ ನಗುವಲ್ಲ. "ತಿರುಗೋ ಹಾಗಿಲ್ಲ ಸಾರ್. ನಿಮ್ಮ ತುಟಿ ನೋಡ್ಲೇಬೇಕು, ರೂಲ್ಸ್ ಹಂಗಿದೆ. ನಿಮ್ಮ ವಾಯ್ಸೇ ಇದು, ನಂಗೆ ಗೊತ್ತಾಗ್ತಿದೆ. ಆದ್ರೆ ಹೆಸರಿನ ಕಾಲಂ ನಾನು ತುಂಬೋಕಾಗಲ್ಲ. ಇನ್ನೊಂದು ನಿಮಿಷ ಇದೆ. ಟ್ರೈ ಮಾಡಿ."

ಆ ಒಂದು ನಿಮಿಷದಲ್ಲಿ ಒಳಗಿಂದ ಬಂದದ್ದು ಉಸಿರು ಮಾತ್ರ. ಕೊನೆಗೆ "ಸಾರಿ ಸಾರ್" ಎಂದು ಕೇಳಿಸಿತು, ಆಮೇಲೆ ಕಾಲ್ ಕಟ್ ಆದ ಸದ್ದು.

ಬಾಲಣ್ಣ ಬಾಗಿಲು ತೆಗೆದ. ಶರ್ಟಿನ ಬೆನ್ನು ಒದ್ದೆಯಾಗಿತ್ತು, ಆ ಚಳಿಯಲ್ಲೂ. ಅಳುತ್ತಿರುತ್ತಾನೆ ಅಂದುಕೊಂಡಿದ್ದೆ. ಅವನ ಮುಖದಲ್ಲಿ ಬೇರೇನೋ ಇತ್ತು, ಹೊಸ ಆಪಿನಲ್ಲಿ ಯಾರೂ ಕಾಣದ ಬಟನ್ ಕಂಡಾಗ ಇರುತ್ತಿದ್ದಂಥದ್ದು.

"ಮು... ಮುಖ ನೋಡ್ಕೊಂಡು," ಎಂದ. ಮಾತು ನಿಂತು ಮತ್ತೆ ಹೊರಟಿತು. "ಅಷ್ಟು ಮಾತಾಡಿದ್ದು ಇದೇ... ಮೊದಲು."

"ಖಾತೆ?"

ತಲೆ ಅಲ್ಲಾಡಿಸಿದ.

"ಎಲ್ಲಾ ನನ್ನಿಂದ ಆಯ್ತು ಬಾಲಣ್ಣ."

ಬೇರೆ ಯಾರಾದರೂ ಆಗಿದ್ದರೆ ಇಲ್ಲ ಬಿಡು, ನಿಂದೇನು ತಪ್ಪು ಅನ್ನುತ್ತಿದ್ದರು. ಬಾಲಣ್ಣ ಫೋನಿನಲ್ಲಿ ಒಂದೇ ಪದ ಬರೆದು ತೋರಿಸಿದ. 'ಹೌದು.' ಆಮೇಲೆ ಅಡಿಗೆಮನೆಗೆ ಹೋಗಿ ಇಬ್ಬರಿಗೂ ಟೀ ಇಟ್ಟ.

ಸಂಜೆಗೆ ಖಾತೆ ಬಂದ್ ಆಯಿತು.

ಕ್ಷಮೆ ಕೇಳುವುದು ನನಗೆ ಬರುವುದಿಲ್ಲ. ಮುಂದಿನ ಭಾನುವಾರ ಹೋಗಿ, "ಶೂ ಹಾಕ್ಕೊ, ಜನಕಪುರಿಗೆ ಹೋಗೋದಿದೆ," ಎಂದೆ. ಅಲ್ಲಿ ಒಬ್ಬ ಕಾಂಟ್ರಾಕ್ಟರನ ಬಳಿ ನನಗೆ ಭಾನುವಾರದ ಕೆಲಸ ಇತ್ತು. ಗಲ್ಲಿಯಲ್ಲಿ ಕಂಬಕ್ಕೆ ಏಣಿ ಹಾಕಿ ಹತ್ತಿದೆ. ಬಾಲಣ್ಣನನ್ನು ಕೆಳಗೆ ಒಂದು ಕಟ್ಟೆ ಮೇಲೆ ಕೂರಿಸಿದೆ.

"ಈ ಕಂಬ ಟೆಸ್ಟ್ ಮಾಡು," ಎಂದೆ. "ನಾನು ಆ ಕಡೆ ತಿರುಗಿರ್ತೀನಿ. ನಿನಗೋಸ್ಕರ ಅಲ್ಲ. ನನ್ನ ಕೆಲಸ ಇರೋದೇ ಆ ಕಡೆ."

ಐದು ನಿಮಿಷ ನಾನು ವೈರಿನ ಸಿಪ್ಪೆ ತೆಗೆಯುತ್ತಿದ್ದೆ. ಆಮೇಲೆ ಕೆಳಗಿಂದ ಶುರುವಾಯಿತು.

"ಈಗ ನಾನು ಒಂದು ಕಂಬ ನೋಡ್ತಿದೀನಿ. ಇದರಲ್ಲಿ ಹನ್ನೊಂದು ವೈರ್ ಇವೆ. ಯಾವುದು ಯಾವ ಮನೆಗೆ ಹೋಗುತ್ತೆ ಅಂತ ಬರೆದಿಲ್ಲ. ಒಂದರ ಮೇಲೆ ಪಾರಿವಾಳ ಕೂತಿದೆ, ಅದಕ್ಕೂ ಗೊತ್ತಿದ್ದ ಹಾಗಿಲ್ಲ. ಒಂದು ಕಪ್ಪು ವೈರ್ ಎದುರು ಮನೆಗೆ ಹೋಗಿ, ಬಾಲ್ಕನಿ ಸುತ್ತಿ, ಅದೇ ಕಂಬಕ್ಕೆ ವಾಪಸ್ ಬಂದಿದೆ. ಇದನ್ನ ಹಾಕಿದವನು ಏನು ಯೋಚನೆ ಮಾಡಿದ್ದ ಅಂತ ತಿಳ್ಕೋಬೇಕು ಅನ್ನಿಸ್ತಿದೆ."

ನಾನು ಎರಡು ವಾರದಿಂದ ಹುಡುಕುತ್ತಿದ್ದ ತೊಂದರೆ ಆ ಕಪ್ಪು ವೈರಿನಲ್ಲೇ ಇತ್ತು. ಖುಷಿಗೆ ತಿರುಗಿ, "ಎಲ್ಲಿ, ಯಾವುದು?" ಎಂದೆ. ಅವನ ಮಾತು ಅಲ್ಲೇ ಕಡಿದುಹೋಯಿತು. ಮತ್ತೆ ಕಂಬದ ಕಡೆ ತಿರುಗಿದೆ. ಸ್ವಲ್ಪ ಹೊತ್ತಿಗೆ ಅದು ತಾನಾಗಿ ಮುಂದುವರಿಯಿತು.

ಹಾಗೆ ಏಳೆಂಟು ಭಾನುವಾರ. ಅವನಿಗೆ ಕಂಡ ದೆಹಲಿಯೇ ಬೇರೆ. ನೆಲದ ಮೇಲೆ ಕೂತ ಮೋಚಿ ಯಾಕೆ ಯಾವಾಗಲೂ ಎಡಗಾಲಿನ ಚಪ್ಪಲಿ ಮೊದಲು ಕೇಳುತ್ತಾನೆ, ಗಲ್ಲಿಯ ಗೇಟಿನ ಗಾರ್ಡು ಯಾರಿಗೆ ಎದ್ದು ನಿಲ್ಲುತ್ತಾನೆ, ಯಾರಿಗೆ ಅರ್ಧ ಏಳುತ್ತಾನೆ, ಇಸ್ತ್ರಿ ಗಾಡಿಯವಳು ಬಟ್ಟೆಗೆ ಗುರುತು ಹಾಕದೆ ಹೇಗೆ ನೆನಪಿಟ್ಟುಕೊಳ್ಳುತ್ತಾಳೆ. ನಾನು ಬೆನ್ನು ಹಾಕಿಕೊಂಡು ಕೇಳುತ್ತಿದ್ದೆ. ಯಾರೂ ಸ್ಟಾರ್ ಕೊಡುತ್ತಿರಲಿಲ್ಲ. ನಾನು ಮೇಲಿನಿಂದ ಆಗಾಗ "ರಿಜೆಕ್ಟ್" ಎಂದು ಕೂಗುತ್ತಿದ್ದೆ, ಅವನು ಕೆಳಗಿಂದ ಬೈಯುತ್ತಿದ್ದ. ಬೈಗುಳಕ್ಕೆ ಉಗ್ಗು ಇರಲಿಲ್ಲ.

ಬೇಸಿಗೆ ಬರುವ ಹೊತ್ತಿಗೆ ಅವನ ಕಂಪನಿ ನೋಯ್ಡಾದ ಆಫೀಸು ಮುಚ್ಚಿ ಅವನನ್ನು ಇಂದೋರಿಗೆ ಹಾಕಿತು. ನಿಜಾಮುದ್ದೀನ್ ಸ್ಟೇಷನ್ನಿಗೆ ನಾನೇ ಹೋಗಿ ಬಿಟ್ಟೆ. ಪ್ಲಾಟ್‌ಫಾರ್ಮಿನಲ್ಲಿ ಇಬ್ಬರೂ ಎದುರುಬದುರಾಗಿ ನಿಂತಿದ್ದರಿಂದ ಮಾತು ನಡೆಯಲಿಲ್ಲ. ರೈಲು ಬಿಡುವ ಮುಂಚೆ ಅವನು ಮಡಚಿದ ಕಾಗದವೊಂದನ್ನು ನನ್ನ ಜೇಬಿಗೆ ತುರುಕಿದ. ಗೋಡೆಗೆ ಅಂಟಿಸಿದ್ದ ಅದೇ ಕಾಗದ, ಮೂಲೆಗಳಲ್ಲಿ ಇನ್ನೂ ಟೇಪು ಇತ್ತು. ಕೆಳಗೆ ನಾಲ್ಕನೆಯ ಸಾಲು ಸೇರಿಸಿದ್ದ. 'ಇನ್ನೊಬ್ಬರ ಮಾತು ಮುಗಿಸಬೇಡ.' ನಾನು ಓದಿ ಮುಗಿಸುವಷ್ಟರಲ್ಲಿ ರೈಲು ಪ್ಲಾಟ್‌ಫಾರ್ಮ್ ದಾಟಿತ್ತು.

ಆಮೇಲೆ ಮೆಸೇಜುಗಳು ಬರುತ್ತಿದ್ದವು. ಅಲ್ಲಿನ ಅವಲಕ್ಕಿಯಲ್ಲಿ ಸಕ್ಕರೆ ಯಾಕೆ ಹಾಕುತ್ತಾರೆ ಎಂದು ವಿಚಾರಿಸುತ್ತಿದ್ದೇನೆ, ಯಾರಿಗೂ ಗೊತ್ತಿಲ್ಲ ಎಂದು ಒಮ್ಮೆ ಬರೆದಿದ್ದ. ಫೋನ್ ಮಾಡಲಿಲ್ಲ. ಅವನು ಯಾರಿಗೂ ಫೋನ್ ಮಾಡುವವನಲ್ಲ.

ಮೊನ್ನೆ ಮಧ್ಯಾಹ್ನ ಮಯೂರ್ ವಿಹಾರದ ಅದೇ ಸೊಸೈಟಿಯಲ್ಲಿದ್ದೆ. ಅವನಿದ್ದ ಮನೆಗೆ ಬೇರೆಯವರು ಬಂದಿದ್ದಾರೆ, ಕೀ ಈಗ ನನ್ನ ಹತ್ತಿರ ಇಲ್ಲ. ಹೊರಗೋಡೆಗೆ ಉದ್ದದ ಏಣಿ ಹಾಕಿ ಹತ್ತುತ್ತಿದ್ದಾಗ ಫೋನ್ ಬಂತು. ಗೊತ್ತಿಲ್ಲದ ನಂಬರು. ಸ್ಪೀಕರ್ ಹಾಕಿ ಶರ್ಟಿನ ಜೇಬಿಗೆ ಇಟ್ಟೆ.

"ಹಲೋ," ಎಂದೆ. ಉತ್ತರವಿಲ್ಲ. "ಹಲೋ." ಕಟ್ ಮಾಡಲು ಕೈ ಜೇಬಿಗೆ ಹೋಯಿತು. ಆಗ ಆ ಕಡೆಯಿಂದ ಉಸಿರು ಕೇಳಿಸಿತು. ಆ ಉಸಿರನ್ನು ನಾನು ಮೆಟ್ಟಿಲ ಮೇಲೆ ಕೂತು ಪೂರ್ತಿ ಒಂದು ನಿಮಿಷ ಕೇಳಿದ್ದೆ.

ಯಾರು ಎಂದು ಕೇಳಲಿಲ್ಲ. ಹೆಸರು ಹಿಡಿದೂ ಕರೆಯಲಿಲ್ಲ. ಕೈ ವಾಪಸ್ ಏಣಿಗೆ ಬಂತು.

"ಈಗ ನಾನು ಏಣಿ ಮೇಲಿದೀನಿ," ಎಂದೆ, ಗೋಡೆಯ ಕಡೆ ನೋಡುತ್ತ. "ಎರಡನೇ ಮಹಡಿ ದಾಟ್ತಿದೀನಿ. ಇಲ್ಲಿ ಯಾರೋ ಒಳಚಡ್ಡಿ ಒಣಗಿಹಾಕಿದಾರೆ, ನನ್ನ ತಲೆಗೆ ತಾಗ್ತಿದೆ. ಮೂರನೇ ಮಹಡಿ. ಇಲ್ಲೊಂದು ಡಬ್ಬಿ ಇದೆ, ಮುಚ್ಚಳ ಇಲ್ಲ. ಒಳಗೆ ಹಲ್ಲಿ ಮೊಟ್ಟೆ ಇಟ್ಟಿದೆ. ತೆಗೀಬೇಕೋ ಬಿಡ್ಬೇಕೋ ಗೊತ್ತಾಗ್ತಿಲ್ಲ. ಬಿಟ್ಟೆ. ಈಗ ವೈರ್ ಎಳೀತೀನಿ. ಬರ್ತಿಲ್ಲ. ಎಲ್ಲೋ ಸಿಕ್ಕಾಕ್ಕೊಂಡಿದೆ. ಜೋರಾಗಿ ಎಳೆದ್ರೆ ಕಿತ್ತೋಗುತ್ತೆ. ಅದಕ್ಕೆ ಸುಮ್ನೆ ಹಿಡ್ಕೊಂಡಿದೀನಿ."

ವೈರ್ ಹಿಡಿದುಕೊಂಡೇ ಇದ್ದೆ. ಡಬ್ಬಿಯೊಳಗಿನ ಹಳೆಯ ಕನೆಕ್ಟರುಗಳನ್ನು ಒಂದೊಂದಾಗಿ ಹೇಳುತ್ತ ಹೋದೆ.

"ಬಾಲಕೃಷ್ಣ," ಎಂದಿತು ಜೇಬು. "ಶಿರಾ ಬಾಲಕೃಷ್ಣ ಮಾತಾಡ್ತಿರೋದು."

ನಾನು ಹೂಂ ಅಂದೆ. ವೈರನ್ನು ಮತ್ತೆ ಮೆಲ್ಲಗೆ ಎಳೆಯತೊಡಗಿದೆ.